ಕಟ್ಟೆಯ ಮೇಲೆ ಕುಳಿತು ತುಂಬಿದ ಮನೆಗಳು

ಬಾಗಿಲು ಎಣಿಸಬೇಡಿ, ಒಲೆ ಎಣಿಸಿ. ಯಾದಗಿರಿಯಲ್ಲಿ ನಡೆದ ಗಣತಿಯ ತರಬೇತಿಯ ಮೊದಲ ದಿನವೇ ನಮಗೆ ಹೇಳಿಕೊಟ್ಟ ಮಾತು ಇದು. ಒಂದೇ ಬಾಗಿಲ ಒಳಗೆ ಎರಡು ಒಲೆ ಹೊತ್ತುತ್ತಿದ್ದರೆ ಅದು ಎರಡು ಕುಟುಂಬ. ಅಣ್ಣ ತಮ್ಮ ಒಂದೇ ಅಂಗಳದಲ್ಲಿದ್ದರೂ ಅಡುಗೆ ಬೇರೆಯಾದರೆ ನಮೂನೆಯೂ ಬೇರೆ. ಬಾಯಿ ಮಾತು ಕೇಳಿ ಬರೆಯಬಾರದು, ಒಳಗೆ ಹೋಗಿ ಕಣ್ಣಿಂದ ನೋಡಬೇಕು ಎಂದು ತರಬೇತಿ ಕೊಟ್ಟ ಮೇಡಂ ಬೋರ್ಡಿನ ಮೇಲೆ ಒಲೆಯ ಚಿತ್ರವನ್ನೇ ಬರೆದು ತೋರಿಸಿದ್ದರು. ನಾನು ಅದನ್ನು ವಹಿಯಲ್ಲಿ ಇಳಿಸಿಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದೆ. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಕೆಲಸ ಶಹಾಪುರದ ಒಂದು ವಾರ್ಡಿನಲ್ಲಿ. ಪ್ರತಿ ಕುಟುಂಬದಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಕಳೆದ ಮೂವತ್ತು ದಿನದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು, ತಿಂಗಳಿಗೆ ಎಷ್ಟು ಬರುತ್ತದೆ ಎಂದು ಮೊಬೈಲಿನಲ್ಲಿ ತುಂಬಬೇಕು. ಇದರಿಂದ ಬಡ ಕುಟುಂಬಗಳ ಪಟ್ಟಿ ತಯಾರಾಗುತ್ತದೆ. ಪಟ್ಟಿಯಲ್ಲಿ ಬಂದವರಿಗೆ ಮಾತ್ರ ಊರ ಹೊರಗೆ ಕಟ್ಟುತ್ತಿದ್ದ ಮನೆಗಳು. ನಮಗೆ ನಮೂನೆಯೊಂದಕ್ಕೆ ಇಷ್ಟು ಎಂದು ಸಂಭಾವನೆ. ಚೆನ್ನಾಗಿ ಮಾಡಿದವರನ್ನು ಆಮೇಲೆ ಕಚೇರಿಯಲ್ಲಿ ಆಪರೇಟರ್ ಎಂದು ತೆಗೆದುಕೊಳ್ಳುತ್ತಾರೆ ಅಂತ ಸೂಪರ್‌ವೈಸರ್ ಹೇಳಿದ್ದ. ನಾನು ದಿನಾ ಸುರಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದುದು ಆ ಮಾತಿನ ಆಸೆಗೆ.

ನಾನು ಹತ್ತನೇ ತರಗತಿ ಪಾಸಾದದ್ದು ಮೂವತ್ತೊಂದನೇ ವಯಸ್ಸಿನಲ್ಲಿ, ಖಾಸಗಿಯಾಗಿ ಕಟ್ಟಿ. ಪೆನ್ನು ಹಿಡಿದರೆ ಪರವಾಗಿಲ್ಲ, ಮೊಬೈಲಿನಲ್ಲಿ ಮಾತ್ರ ಒಂದೇ ಬೆರಳು. ಒತ್ತಕ್ಷರ ಬಂತೆಂದರೆ ಬೆರಳು ನಿಂತುಬಿಡುತ್ತದೆ. ಜೊತೆಯ ಗಣತಿದಾರರೆಲ್ಲ ಡಿಗ್ರಿ ಮುಗಿಸಿದ ಹುಡುಗಿಯರು, ಎರಡೂ ಹೆಬ್ಬೆರಳಲ್ಲಿ ಮಾತಾಡುತ್ತಲೇ ಟೈಪ್ ಮಾಡುವವರು. ಮೊದಲ ದಿನ ನನ್ನದು ಏಳು ಮನೆ. ಎರಡನೇ ದಿನ ಆರು. ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದರು. ಬಾಗಿಲಿಗೆ ಬಂದ ಹೆಂಗಸರು, “ಅವ್ರು ಬಂದ ಮ್ಯಾಲ ಬರ್ರಿ, ನಮಗೇನು ಗೊತ್ತಿಲ್ಲ” ಎಂದು ಅರ್ಧ ಬಾಗಿಲು ಹಾಕುತ್ತಿದ್ದರು. ಒಂದು ಮನೆಗೆ ಮೂರು ಸಲ ಹೋದದ್ದೂ ಉಂಟು.

ಸಂಜೆ ಆರಕ್ಕೆ ಗ್ರೂಪಿನಲ್ಲಿ ಎಲ್ಲರ ಲೆಕ್ಕ ಬರುತ್ತಿತ್ತು. ಮೇಲೆ ಇಪ್ಪತ್ತಾರು, ಇಪ್ಪತ್ತನಾಲ್ಕು. ಎಲ್ಲರ ಕೆಳಗೆ ನನ್ನ ಹೆಸರು. ಮೂರನೇ ಸಂಜೆ ಸೂಪರ್‌ವೈಸರ್ ಎಲ್ಲರೂ ಕೇಳುವ ಹಾಗೆ ವಾಯ್ಸ್ ಮೆಸೇಜ್ ಹಾಕಿದ: “ಅಣ್ಣಾ, ನೀವೇನು ಮನಿ ಬರ್ಯಾಕತ್ತೀರೋ, ಮನಿ ಕಟ್ಟಾಕತ್ತೀರೋ?” ಅದರ ಕೆಳಗೆ ಹನ್ನೊಂದು ನಗುವ ಮುಖಗಳು. ನಾನು ಬಸ್ಸಿನಲ್ಲಿ ಕೂತು ಎಣಿಸಿದೆ.

ನನಗೆ ಕೊಟ್ಟ ಓಣಿ ಗುಡ್ಡದ ಕಡೆಗಿನದು. ಓಣಿಯ ಬಾಯಿಗೆ ಒಂದು ಬೇವಿನ ಮರ, ಸುತ್ತ ಸಿಮೆಂಟಿನ ಕಟ್ಟೆ, ಎದುರಿಗೆ ಚಹಾದ ಹೋಟೆಲು. ಹೋಟೆಲಿನ ಯಜಮಾನ ನನ್ನ ಅಲೆದಾಟ ನೋಡಿ ಕರೆದು ಕೂರಿಸಿದ.

“ಯಾಕ ಹಂಗ ಬಿಸಲಾಗ ತಿರಗಾಕತ್ತೀರಿ ಸರ? ನಾಳಿ ಐತವಾರ, ನಾಡಿದ್ದು ಅಮಾಸಿ, ಗಂಜ್ ಮಾರ್ಕೆಟ್ ಬಂದ್ ಇರ್ತದ. ಹಮಾಲ್ರು, ಗೌಂಡ್ಯಾರು, ಆಟೋದವ್ರು ಎಲ್ಲಾ ಈ ಕಟ್ಟಿಗೇ ಬರ್ತಾರ. ನೀವು ಇಲ್ಲೇ ಕುಂದರ್ರಿ. ನಾ ಒಬ್ಬೊಬ್ಬರ್ನ ಕಳಸ್ತೀನಿ.”

“ಮನಿ ಮುಂದ ಹೋಗೇ ಮಾಡ್ಬೇಕ್ರಿ. ಲೊಕೇಶನ್ ತಗೋತದ” ಎಂದೆ.

“ಮನಿ ಎಲ್ಲಿ ಹೋತ್ರಿ? ಉಗುಳಿದ್ರ ಅಲ್ಲಿ ಬೀಳ್ತದ.”

ಒಂದು ನಮೂನೆ ಪ್ರಯತ್ನಿಸಿ ನೋಡಿದೆ. ಕಟ್ಟೆಯಿಂದಲೇ ಲೊಕೇಶನ್ ಹಸಿರಾಯಿತು. ಫೋಟೋ ಬೇಕಿದ್ದುದು ಮನೆಯ ಯಜಮಾನನದು, ಹಿಂದೆ ಮನೆಯ ಗೋಡೆ ಕಂಡರೆ ಸಾಕಿತ್ತು. ಬೇವಿನ ಮರದ ಪಕ್ಕದ ಗೋಡೆ ಎಲ್ಲ ಗೋಡೆಗಳ ಹಾಗೆಯೇ ಇತ್ತು.

ಆ ಎರಡು ದಿನ ನನಗೆ ಬಹಳ ಖುಷಿಯಾಗಿತ್ತು. ಇದನ್ನೂ ಹೇಳಬೇಕು. ಚಹಾ ಬರುತ್ತಿತ್ತು. ಜನ ಸುತ್ತ ಕೂತು ನನ್ನನ್ನು ಸರ ಎನ್ನುತ್ತಿದ್ದರು. ಮೊದಲು ಬಂದವನು ಆಟೋದವನು. ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಸುತ್ತ ಕೂತವರ ಮುಖ ನೋಡಿದ. “ಹತ್ತು ಸಾವಿರ ಬರೀರಿ” ಎಂದ. ಮುಂದಿನವನು ಮನೆಗಳಿಗೆ ಬಣ್ಣ ಹೊಡೆಯುವವನು. “ನಂದು ಹನ್ನೊಂದು.”

ಪಕ್ಕದಲ್ಲಿದ್ದ ವಯಸ್ಸಾದ ದರ್ಜಿ ಕನ್ನಡಕ ಮೇಲೇರಿಸಿದ. “ಅರೇ ಪೇಂಟರ್, ನಿನ್ನೆ ನನ್ನ ಕಡಿ ಬೀಡಿ ಕೇಳಿದೆಲ್ಲೋ ಮಿಯಾ. ಹನ್ನೊಂದು ಸಾವಿರ ಯಾವ ಬ್ಯಾಂಕಿನ್ಯಾಗ ಇಟ್ಟೀದಿ?”

ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ತನ್ನ ಸರದಿ ಬಂದಾಗ ದರ್ಜಿ ಗಂಟಲು ಸರಿ ಮಾಡಿಕೊಂಡು, “ಹನ್ನೆರಡು ಲಿಖೋ” ಎಂದ.

ಗೋಡೆ ಕಟ್ಟುವ ಒಬ್ಬ ಗೌಂಡಿಯ ಪಕ್ಕದಲ್ಲಿ ಕಕ್ಕೇರಾದಿಂದ ಅವನ ಮಗಳನ್ನು ನೋಡಲು ಬಂದ ಬೀಗರು ಕೂತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ವಸ್ತ್ರ. ಅವರ ಎದುರಿಗೇ ನಾನು ಗೌಂಡಿಯ ಆದಾಯ ಕೇಳಿದೆ. “ಹದಿನೆಂಟು” ಎಂದವನು ಬೀಗರ ಕಡೆ ಒಮ್ಮೆ ನೋಡಿ, “ಇಪ್ಪತ್ತ ಬರೀರಿ, ಚಿಲ್ಲರ ಲೆಕ್ಕ ಯಾಕ?” ಎಂದ. ಮನೆಯ ಹೆಂಗಸರ ಕೆಲಸ ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಮನ್ಯಾಗ ಇರ್ತಾಳ್ರಿ. ನಮ್ಮ ಹೆಣ್ಮಕ್ಕಳು ದುಡ್ಯಾಕ ಹೋಗಂಗಿಲ್ಲ.” ಅದೇ ಹೊತ್ತಿಗೆ ಓಣಿಯ ಒಳಗಿನಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ವ್ಯಾಪಾರಿಗಳು ಚೀಲಗಟ್ಟಲೆ ಒಣ ಮೆಣಸಿನಕಾಯಿ ಮನೆಗೆ ಹಾಕಿಸುತ್ತಾರೆ, ಹೆಂಗಸರು ಕೂತು ತೊಟ್ಟು ಬಿಡಿಸುತ್ತಾರೆ, ಕಿಲೋ ಲೆಕ್ಕದ ಕೂಲಿ. ನಮ್ಮ ಸುರಪುರದಲ್ಲೂ ಇದೆ. ಗೊತ್ತಿಲ್ಲದವರು ಯಾರೂ ಇಲ್ಲ. ನಮೂನೆಯಲ್ಲಿ ‘ಮನೆಯಲ್ಲಿ ಕುಳಿತು ಮಾಡುವ ಕೂಲಿ’ ಎಂದು ಅದಕ್ಕಾಗಿಯೇ ಒಂದು ಸಾಲು ಇತ್ತು. ನಾನು ಮೂರು ಸಲ ಸೀನಿದೆ. ಮೂಗು ಒರೆಸಿಕೊಂಡು ‘ಮನೆಗೆಲಸ ಮಾತ್ರ’ ಎಂಬುದನ್ನು ಒತ್ತಿದೆ.

ಎರಡನೇ ದಿನ ಮಧ್ಯಾಹ್ನ ಹಮಾಲರ ಮುಕಾದಮ ಬಂದ. ಗಂಜಿನಲ್ಲಿ ಹತ್ತಿ ಗಂಟು ಹೊರುವ ತಂಡಕ್ಕೆ ಹಿರಿಯ. ಐವತ್ತು ದಾಟಿದೆ, ಕುತ್ತಿಗೆ ಎತ್ತಿನ ಹಾಗೆ. ಜನ ಅವನಿಗೆ ಜಾಗ ಬಿಟ್ಟರು. ಮನೆಯ ಮಂದಿಯನ್ನು ಹೇಳುತ್ತಾ ಹೋದ. ತಾನು, ಹೆಂಡತಿ, ಇಬ್ಬರು ಗಂಡುಮಕ್ಕಳು, ಆಮೇಲೆ ತಮ್ಮನ ಹೆಂಡತಿ, ಆಕೆಯ ಇಬ್ಬರು ಹೆಣ್ಣುಮಕ್ಕಳು.

“ತಮ್ಮ?”

“ತೀರ್ಕೊಂಡಾನ್ರಿ. ಎರಡ ವರ್ಷ ಆತು.”

ನಾನು ಕೇಳಿದೆ. ಕೇಳಲಿಲ್ಲ ಎಂದಲ್ಲ. “ಅವರ ಅಡಗಿ ಬ್ಯಾರೆ ಅದ ಏನ್ರಿ?”

ಕಟ್ಟೆಯ ಮೇಲಿನ ಹತ್ತು ಹನ್ನೆರಡು ಮಂದಿ ಅವನ ಬಾಯಿ ನೋಡುತ್ತಿದ್ದರು. ಅವನು ಹೆಗಲ ಮೇಲಿನ ಟವೆಲು ತೆಗೆದು ಮತ್ತೆ ಹಾಕಿಕೊಂಡ.

“ಬ್ಯಾರೆ ಯಾಕ ಇರ್ತದ? ನಮ್ಮ ಮನಿ ಹೆಣ್ಮಗಳು. ನಾವ ನೋಡ್ಕೋತೀವಿ.”

“ಬರ್ಕೋರಿ ಸರ. ಭಾಳ ಮರ್ಯಾದಿ ಮನತನ ಅದು” ಎಂದ ಹೋಟೆಲಿನವನು.

ಆ ಹೆಣ್ಣುಮಗಳ ಬಾಗಿಲು ಕಟ್ಟೆಯಿಂದ ಏಳನೆಯದು. ಎದ್ದು ಹೋಗಿದ್ದರೆ ಒಂದು ನಿಮಿಷ. ನಾನು ಏಳು ಜನರನ್ನೂ ಒಂದೇ ಕುಟುಂಬ ಎಂದು ತುಂಬಿ, ಮುಕಾದಮ ಹೇಳಿದ ಆದಾಯ ಹಾಕಿ, ಕಳಿಸು ಎಂದು ಒತ್ತಿದೆ. ಎರಡು ದಿನದಲ್ಲಿ ಅರವತ್ತೆಂಟು ನಮೂನೆ. ಆ ಸಂಜೆ ಗ್ರೂಪಿನಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲಿತ್ತು. ಸೂಪರ್‌ವೈಸರ್ “ಹುಲಿ ಎದ್ದದ ನೋಡ್ರಿ” ಎಂದು ಬರೆದ. ಮನೆಗೆ ಹೋಗಿ ಹೆಂಡತಿಗೆ ಅದನ್ನು ಓದಿ ಹೇಳಿದೆ.

ಸುಮಾರು ಒಂದೂವರೆ ತಿಂಗಳಿಗೆ ಕರಡು ಪಟ್ಟಿ ಬಂತು. ಶಹಾಪುರದ ಕಚೇರಿಯ ಗೋಡೆಗೆ ಹಾಳೆ ಅಂಟಿಸಿದ್ದರು. ನಾನು ಆಪರೇಟರ್ ಕೆಲಸದ ವಿಷಯ ಕೇಳಲು ಹೋಗಿದ್ದೆ, ಪಟ್ಟಿ ನೋಡಲು ಅಲ್ಲ. ಗೋಡೆಯ ಹತ್ತಿರ ನಿಂತಿದ್ದ ಒಬ್ಬ ಹೆಣ್ಣುಮಗಳು ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ ಹತ್ತಿರ ಬಂದಳು. ಸಣ್ಣ ಮೈಕಟ್ಟು, ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು.

“ನೀವೇ ಏನ್ರಿ ಬೇವಿನ ಕಟ್ಟಿ ಮ್ಯಾಲ ಕುಂತು ಬರ್ದವ್ರು?”

ಹೌದು ಎಂದೆ.

“ನನ್ನ ಹೆಸರು ಇಲ್ರಿ ಇದ್ರಾಗ. ಯಾರ್ಯಾರ ಕಡಿಂದೋ ಓದಿಸೀನಿ, ಇಲ್ಲ ಅಂದ್ರು. ನಮ್ಮ ಭಾವನ ಮನ್ಯಾಗ ಸೇರಿಸೀರಂತ. ನಾ ಅವ್ರ ಮನ್ಯಾಗ ಇಲ್ರಿ.”

ಮುಕಾದಮನ ತಮ್ಮನ ಹೆಂಡತಿ. ಆಕೆ ಇದ್ದದ್ದು ಅವನ ಮನೆಯ ಪಕ್ಕದ ಬಾಡಿಗೆ ಕೋಣೆ. ಕೋಣೆಯ ಮಾಲೀಕ ಅದನ್ನು ಒಡೆದು ಅಂಗಡಿ ಕಟ್ಟಿಸುವುದಾಗಿ ಹೇಳಿ, ಯುಗಾದಿಯೊಳಗೆ ಖಾಲಿ ಮಾಡಿ ಎಂದಿದ್ದ. ಊರ ಹೊರಗಿನ ಹೊಸ ಮನೆಗಳಲ್ಲಿ ಒಂದು ಸಿಕ್ಕರೆ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಅಲ್ಲಿಗೆ, ಇಲ್ಲವಾದರೆ ಎಲ್ಲಿಗೆ ಎಂಬುದು ಆಕೆಗೆ ಗೊತ್ತಿರಲಿಲ್ಲ.

ಆಕೆಯ ಜೊತೆ ಹೋದೆ. ಕಟ್ಟೆಯ ಮುಂದೆ ಹಾದು, ಈ ಸಲ ಏಳನೇ ಬಾಗಿಲ ಒಳಗೆ. ಗೋಡೆಗೊರಗಿ ಮೆಣಸಿನಕಾಯಿಯ ನಾಲ್ಕು ಚೀಲ. ಬಿಡಿಸಿದ್ದು ಒಂದು ರಾಶಿ, ಬಿಡಿಸದ್ದು ಇನ್ನೊಂದು. ಕೈ ಉರಿಗೆ ಹಚ್ಚಿಕೊಳ್ಳಲು ಬಟ್ಟಲಲ್ಲಿ ಎಣ್ಣೆ. ಮೂಲೆಯಲ್ಲಿ ಒಂದೇ ಬರ್ನರಿನ ಒಲೆ, ಮೇಲೆ ಹಂಚು, ಬುಟ್ಟಿಯಲ್ಲಿ ನಾಲ್ಕು ರೊಟ್ಟಿ. ನನಗೆ ಸೀನು ತಡೆಯಲಾಗಲಿಲ್ಲ.

“ಹೊಸಬ್ರಿಗಿ ಹಂಗ ಆಗ್ತದ” ಎಂದಳು ಆಕೆ.

ಆಕ್ಷೇಪಣೆಗೆ ಏಳು ದಿನ ಅವಕಾಶವಿತ್ತು. ಅರ್ಜಿ ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ‘ತಪ್ಪಿಗೆ ಕಾರಣ’ ಎಂಬ ಸಾಲು. ನಾನು ಅಲ್ಲೇ ಕೂತು, ನನ್ನ ಕೈಯಾರೆ, ‘ಕುಟುಂಬದವರು ತಪ್ಪು ಮಾಹಿತಿ ನೀಡಿದ್ದರಿಂದ’ ಎಂದು ಬರೆದೆ. ಬೇಗ ಬರೆದೆ. ಓದಿ ಹೇಳಿ ಇಂಕಿನ ಪ್ಯಾಡು ಮುಂದೆ ಹಿಡಿದೆ.

ಆಕೆ ಕೈ ಮುಂದೆ ಮಾಡಲಿಲ್ಲ. “ಇದು ಕೊಟ್ರ ಏನು ಮಾಡ್ತಾರ?”

“ಮಾಹಿತಿ ಹೇಳಿದವ್ರನ್ನ ಕರಸ್ತಾರ್ರಿ. ಅವ್ರು ತಪ್ಪು ಹೇಳೀನಿ ಅಂತ ಸಹಿ ಮಾಡ್ಬೇಕು.”

“ಅಂದ್ರ ನಮ್ಮ ಭಾವ ಆಫೀಸಿನ್ಯಾಗ ನಿಂತು, ನಾ ಸುಳ್ಳ ಹೇಳೀನಿ, ಈಕಿಗಿ ನಾ ಅನ್ನ ಹಾಕಂಗಿಲ್ಲ ಅಂತ ಬರ್ದು ಕೊಡ್ಬೇಕೇನು?”

ನಾನು ಪ್ಯಾಡಿನ ಮುಚ್ಚಳ ಹಾಕಿದೆ.

“ಆ ದಿನ ನೀವು ನನ್ನ ಕೇಳಿದ್ರೇನು?”

“ಇಲ್ರಿ.”

“ಈ ಬಾಗಿಲಕ್ಕ ಬಂದಿದ್ರೇನು?”

“ಇಲ್ಲ.”

“ಹಂಗಾದ್ರ ಅದನ್ನ ಬರೀರಿ.”

ಅಷ್ಟು ಹೇಳಿ ಆಕೆ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸತೊಡಗಿದಳು. ನಾನು ಎದ್ದು ಬಸ್ ಸ್ಟ್ಯಾಂಡಿಗೆ ಬಂದೆ. ಸುರಪುರದ ಮೂರು ಬಸ್ಸು ಹೋದವು. ವಹಿಯ ಹಾಳೆಯಲ್ಲಿ ಮೊದಲು ‘ಕಣ್ತಪ್ಪಿನಿಂದ’ ಎಂದು ಬರೆದೆ. ಕಣ್ಣು ತಪ್ಪಬೇಕಾದರೆ ಮೊದಲು ನೋಡಿರಬೇಕಲ್ಲ. ಹರಿದು ಹಾಕಿದೆ. ಆಕೆಯ ಒಂದು ಮನೆಗೆ ನಾನು ಹೋಗಲಿಲ್ಲ ಎಂದು ಬರೆದರೆ ಸಾಕು, ಉಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಯೋಚಿಸಿದೆ. ಆದರೆ ಆ ಘಾಟು ಒಂದು ಬಾಗಿಲಿನಿಂದ ಬಂದದ್ದಲ್ಲ. ಕೊನೆಗೆ ‘ಈ ಕೆಳಗಿನ ಅರವತ್ತೆಂಟು ಮನೆಗಳಿಗೆ ಹೋಗದೆ, ಕಟ್ಟೆಯ ಮೇಲೆ ಕುಳಿತು ನಮೂನೆ ತುಂಬಿದ್ದೇನೆ’ ಎಂದು ಬರೆದು, ಮೊಬೈಲಿನಲ್ಲಿದ್ದ ನಮೂನೆಗಳ ನಂಬರುಗಳನ್ನೆಲ್ಲ ಇಳಿಸಿ ಸಹಿ ಮಾಡಿದೆ.

ಮರುದಿನ ಯಾದಗಿರಿಗೆ ಹೋದೆ. ಕಚೇರಿಯ ಮೆಟ್ಟಿಲ ಮೇಲೆ ಸೂಪರ್‌ವೈಸರ್ ಸಿಕ್ಕ. ಪತ್ರ ಓದಿ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

“ತಲಿ ಕೆಟ್ಟದೇನು ಅಣ್ಣಾ? ಒಂದ ಮನಿ ತಿದ್ದಿಸಿ ಸುಮ್ನ ಕುಂದರ್ರಿ. ಇದು ಕೊಟ್ರ ನಿಮ್ಮ ರೊಕ್ಕಾನೂ ಹೋಗ್ತದ, ಆಪರೇಟರ್ ಕೆಲಸಾನೂ ಹೋಗ್ತದ. ಎಲ್ಲಾರೂ ಕಟ್ಟಿ ಮ್ಯಾಲೇ ಕುಂತು ಬರ್ದಾರ. ನೀವೊಬ್ಬರೇ ಏನು?”

“ಉಳಿದವ್ರದು ನನಗ ಗೊತ್ತಿಲ್ಲ” ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಅವನ ಮುಖ ನೋಡದೆ ಪತ್ರ ಇಸಿದುಕೊಂಡು ಮೆಟ್ಟಿಲು ಹತ್ತಿದೆ.

ಅಧಿಕಾರಿ ಬೆಂಗಳೂರು ಕಡೆಯವರು. ಪತ್ರವನ್ನು ಎರಡು ಸಲ ಓದಿದರು. “ಯಾಕೆ ಹೋಗಲಿಲ್ಲ?” ಎಂದು ಕೇಳಿದರು. ನಾನು ಟೈಪಿಂಗ್ ನಿಧಾನ ಎಂದೆ. ಅದು ಪೂರ್ತಿ ನಿಜವಲ್ಲ. ಗ್ರೂಪಿನಲ್ಲಿ ಎಲ್ಲರ ಕೆಳಗೆ ಇರಲು ಆಗಲಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ.

“ಅರವತ್ತೆಂಟೂ ರದ್ದು ಮಾಡ್ತೀನಿ. ಇನ್ನೊಬ್ಬ ಗಣತಿದಾರರ ಜೊತೆ ಹೋಗಿ ನೀವೇ ಮತ್ತೆ ಬರೀಬೇಕು, ಸಂಭಾವನೆ ಇಲ್ಲ. ಇನ್ನೊಂದು ವಿಷಯ ಕೇಳಿ. ರದ್ದಾದ ನಮೂನೆ ಈ ಪಟ್ಟಿಗೆ ಸೇರೋದಿಲ್ಲ. ಹೊಸದಾಗಿ ಬರೆದದ್ದು ಮುಂದಿನ ಪಟ್ಟಿಗೆ.”

“ಮುಂದಿನದು ಯಾವಾಗ್ರಿ ಸರ?”

“ಅದು ನಮ್ಮ ಕೈಲಿಲ್ಲ.”

ಇದು ನನಗೆ ತಿಳಿದಿರಲಿಲ್ಲ. ನಿಜ ಹೇಳಿದ ಮೇಲೆ ಆಕೆಯ ಹೆಸರು ತಾನೇ ಬರುತ್ತದೆ ಎಂದು ಇಡೀ ದಾರಿ ನಂಬಿಕೊಂಡು ಬಂದಿದ್ದೆ. ಅಲ್ಲಿಂದ ನೇರ ಶಹಾಪುರಕ್ಕೆ ಹೋಗಿ ಆಕೆಗೆ ಹೇಳಿದೆ. ಬಾಗಿಲಲ್ಲೇ ನಿಂತು ಹೇಳಿದೆ.

ಆಕೆ ಕೈಯಲ್ಲಿದ್ದ ತೊಟ್ಟುಗಳನ್ನು ಬಾಗಿಲ ಹೊರಗೆ ಉದುರಿಸಿದಳು. ಆಮೇಲೆ, “ಅಂದ್ರ ನಿಮ್ಮ ತಪ್ಪಿಗಿ ನಾ ಬಾಡಗಿ ಕಟ್ಬೇಕು” ಎಂದಳು.

“ಹೌದ್ರಿ” ಎಂದೆ.

ಮರು ಗಣತಿಗೆ ನನ್ನ ಜೊತೆ ಬಂದವಳು ಗ್ರೂಪಿನಲ್ಲಿ ದಿನಾ ಮೇಲಿರುತ್ತಿದ್ದ ಒಬ್ಬ ಹುಡುಗಿ. ಈ ಸಲ ಕಾಗದದ ನಮೂನೆ, ನಾನು ಕೇಳಿ ಬರೆಯುವುದು, ಆಕೆ ನೋಡಿ ಸಹಿ ಮಾಡುವುದು. ಮಧ್ಯಾಹ್ನ ಹೋದೆವು, ಗಂಡಸರು ಇಲ್ಲದ ಹೊತ್ತು. ಜೊತೆಗೆ ಒಬ್ಬ ಹುಡುಗಿ ಇದ್ದುದರಿಂದಲೋ ಏನೋ, ಅರ್ಧ ಬಾಗಿಲುಗಳು ಪೂರ್ತಿ ತೆರೆದವು. ಒಳಗೆ ಕೂತು, ಒಲೆ ನೋಡಿ, ಒಬ್ಬೊಬ್ಬರನ್ನೇ ಕೇಳಿ ಬರೆದೆ. ಮೆಣಸಿನಕಾಯಿ ತೊಟ್ಟು, ಖಾನಾವಳಿಗೆ ರೊಟ್ಟಿ, ಕೌದಿ ಹೊಲಿಗೆ. ಬಣ್ಣ ಹೊಡೆಯುವವನ ಹೆಂಡತಿ ನನ್ನ ಹಳೆಯ ಲೆಕ್ಕ ಕೇಳಿ ನಗುತ್ತಾ ಸೆರಗು ಬಾಯಿಗೆ ಹಿಡಿದಳು. “ಹನ್ನೊಂದು ಸಾವಿರ ಅಂದಾರ? ಯಪ್ಪಾ, ಹೋದ ತಿಂಗಳ ಕೆಲಸ ಇದ್ದದ್ದೇ ಎಂಟ ದಿನ ನೋಡ್ರಿ.” ದರ್ಜಿ ಮನೆಯಲ್ಲೇ ಇದ್ದ. ಮಷಿನ್ನಿನಿಂದ ತಲೆ ಎತ್ತದೆ, “ಆ ಹನ್ನೆರಡು ಕಾಟೋ, ನಾಲ್ಕು ಲಿಖೋ” ಎಂದು ಸಣ್ಣ ದನಿಯಲ್ಲಿ ಹೇಳಿದ. ಅರವತ್ತೆಂಟು ನಮೂನೆಗಳು ಎಂಬತ್ತೊಂದಾದವು. ನಾನು ಕಾಣದೆ ಬಿಟ್ಟಿದ್ದ ಒಲೆಗಳು ಹದಿಮೂರು.

ಮುಕಾದಮ ಗಂಜಿನಿಂದ ಊಟಕ್ಕೆ ಬಂದಿದ್ದ. ನನ್ನನ್ನು ಕಂಡು ಎದ್ದು ಹೋಗುವನೋ ಎನ್ನಿಸಿತು, ಹೋಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದ.

“ಮಂದಿ ಮುಂದ ಕೇಳಿದ್ರೆಲ್ಲ ನೀವು. ನಾ ಏನು ಹೇಳ್ಬೇಕಿತ್ತು? ನನ್ನ ತಮ್ಮನ ಹೆಂಡ್ತಿಗಿ ನಾ ಕೂಳ ಹಾಕಂಗಿಲ್ಲ ಅಂತ ಹೇಳ್ಬೇಕಿತ್ತೇನು? ನನ್ನ ಕೈಯಾಗ ಆಗಂಗಿಲ್ರಿ. ಆಗಂಗಿಲ್ಲ ಅನ್ನೂದು ಆಕಿಗೂ ಗೊತ್ತದ. ನನ್ನೊಬ್ಬನ್ನ ಕರ್ದು ಕೇಳಿದ್ರ ಹೇಳ್ತಿದ್ದೆ.”

ಆ ಹೊತ್ತಿಗೆ ಆಕೆ ಪಕ್ಕದ ಕೋಣೆಯಲ್ಲಿ ಇರಲಿಲ್ಲ. ಯುಗಾದಿಗೆ ಮೊದಲೇ ಖಾಲಿ ಮಾಡಿ, ಹತ್ತಿಯ ಜಿನ್ನಿಂಗ್ ಮಿಲ್ಲಿನ ಆಚೆ ಒಂದು ತಗಡಿನ ಶೆಡ್ಡಿಗೆ ಹೋಗಿದ್ದಳು. ಆಕೆಯ ನಮೂನೆಯನ್ನು ಕೊನೆಗೆ ಅಲ್ಲಿಯೇ ಬರೆದೆ. ಕುಟುಂಬದ ಮುಖ್ಯಸ್ಥರು ಎಂಬಲ್ಲಿ ಆಕೆಯ ಹೆಸರು. ಕೆಲಸ, ಮನೆಯಲ್ಲಿ ಕುಳಿತು ಮಾಡುವ ಕೂಲಿ. ಬಾಡಿಗೆ ಮೊದಲಿಗಿಂತ ಹೆಚ್ಚು. ಆದಾಯ ಮೊದಲಿಗಿಂತ ಕಡಿಮೆ, ಯಾಕೆಂದರೆ ವ್ಯಾಪಾರಿಯ ಗಾಡಿ ಅಷ್ಟು ದೂರ ದಿನಾ ಬರುವುದಿಲ್ಲ. ಎಲ್ಲವನ್ನೂ ಓದಿ ಹೇಳಿಸಿಕೊಂಡು ಆಕೆ ಹೆಬ್ಬೆಟ್ಟು ಒತ್ತಿದಳು. ಜೊತೆಗಿದ್ದ ಹುಡುಗಿ ಸಹಿ ಮಾಡಿ ನೀರು ಕುಡಿಯಲು ಹೊರಗೆ ಹೋದಳು.

“ನಿಮ್ಮ ಕೆಲಸಾನೂ ಹೋತಂತಲ್ಲ” ಎಂದಳು ಆಕೆ. “ಮನ್ಯಾಗ ಹೇಳೀರೇನು?”

“ಕೆಲಸ ಮುಗೀತು ಅಂತ ಹೇಳೀನ್ರಿ.”

“ಈಗ ಏನು ಮಾಡ್ತೀರಿ?”

“ಸುರಪುರದಾಗ ಝೆರಾಕ್ಸ್ ಅಂಗಡ್ಯಾಗ ಅರ್ಜಿ ಬರ್ದು ಕೊಡ್ತೀನಿ.”

“ತಿಂಗಳಿಗಿ ಎಷ್ಟು ಬರ್ತದ?”

ಇಬ್ಬರು ಹೆಣ್ಣುಮಕ್ಕಳೂ ರಾಶಿಯ ಮುಂದೆ ಕೂತು ಕೇಳುತ್ತಿದ್ದರು. “ಏಳು ಸಾವಿರ” ಎಂದೆ. ಯೋಚಿಸಿ ಹೇಳಿದ್ದಲ್ಲ, ತಾನೇ ಬಂತು.

ಆಕೆ ನನ್ನ ಮುಖ ನೋಡುತ್ತಾ ಒಂದು ಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು.

“ಮೂರೂವರಿ” ಎಂದೆ.

“ಹಾಂ” ಎಂದಳು. “ಈಗ ಹೋಗಿ ಮನ್ಯಾಗ ಹೇಳ್ರಿ.”